ತುರುವೇಕೆರೆಗೆ ಹೋದರೆ ಗುಡಿ ಮಾತ್ರ ನೋಡಿ ಬರಬೇಡಿ

ಕಿಬ್ಬನಹಳ್ಳಿ ಕ್ರಾಸ್‌ನಲ್ಲಿ ಬಸ್ ಇಳಿದವರು ಸಾಮಾನ್ಯವಾಗಿ ಎರಡೇ ಕೆಲಸ ಮಾಡ್ತಾರೆ: ಟೀ ಕುಡಿಯೋದು, ಇನ್ನೊಂದು ಬಸ್ ಹಿಡಿಯೋದು. ತುಮಕೂರು–ಅರಸೀಕೆರೆ ಹೆದ್ದಾರಿ ಮತ್ತು ಹುಳಿಯಾರಿನಿಂದ ಮೈಸೂರಿನ ಕಡೆಗೆ ಹೋಗುವ ರಸ್ತೆ ಕೂಡುವುದು ಇಲ್ಲಿಯೇ. ಉತ್ತರಕ್ಕೆ ಹೋದರೆ ಚಿಕ್ಕನಾಯಕನಹಳ್ಳಿಯ ಕಬ್ಬಿಣ, ಮ್ಯಾಂಗನೀಸ್ ಅದಿರಿನ ಬೆಟ್ಟಸಾಲು. ದಕ್ಷಿಣಕ್ಕೆ ತೆಂಗಿನ ತೋಟಗಳ ನಡುವೆ ತುರುವೇಕೆರೆ. ನಾನು ದಕ್ಷಿಣದ ಬಸ್ ಹತ್ತಿದೆ.

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ಪಟ್ಟಿಗೆ ಸೇರಿದವು. ಸಂತೋಷ. ಆದರೆ ಹೊಯ್ಸಳರ ಕಾಲದ ಒಂದು ಊರು ಹೇಗೆ ನಡೀತಿತ್ತು ಅಂತ ತಿಳಿಯೋಕೆ ತುರುವೇಕೆರೆಯಂಥ ಸಣ್ಣ ಪಟ್ಟಣವೇ ಒಳ್ಳೆಯದು. ಇಲ್ಲಿ ಶಿಲ್ಪ ನೋಡಿ ಮೈಮರೆಯುವುದಕ್ಕಿಂತ ಪ್ರಶ್ನೆ ಕೇಳುವುದು ಸುಲಭ.

ಊರು ಹುಟ್ಟಿದ್ದು ಹೇಗೆ?

ಹೊಯ್ಸಳ ದೊರೆ ಮೂರನೇ ನರಸಿಂಹನ (1254–1291) ದಂಡನಾಯಕ ಸೋಮಣ್ಣ ಇದನ್ನು ಅಗ್ರಹಾರವಾಗಿ ಕಟ್ಟಿದ. ದೊರೆಯ ಹೆಸರು ಸೇರಿಸಿ ಸರ್ವಜ್ಞ ಶ್ರೀವಿಜಯ ನರಸಿಂಹಪುರ ಎಂದು ಕರೆದ. ಆ ಉದ್ದದ ಹೆಸರು ಶಾಸನದಲ್ಲೇ ಉಳಿಯಿತು. ಜನರ ಬಾಯಲ್ಲಿ ನಿಂತದ್ದು ತುರುವೇಕೆರೆ. ತುರು ಅಂದ್ರೆ ದನ. ದಂಡನಾಯಕನೂ ಇಲ್ಲ, ದೊರೆಯೂ ಇಲ್ಲ. ಹೆಸರಲ್ಲಿ ಉಳಿದಿರೋದು ದನ ಮತ್ತು ಕೆರೆ!

ಅಗ್ರಹಾರ ಅಂದಾಗ ವೇದಘೋಷದ ಬೀದಿಯ ಚಿತ್ರ ಕಣ್ಣಿಗೆ ಬರುತ್ತೆ. ಅದು ಅರ್ಧ ಸತ್ಯ. ಅಗ್ರಹಾರ ಅಂದರೆ ಮೊದಲಿಗೆ ಒಂದು ಕಂದಾಯ ವ್ಯವಸ್ಥೆ. ಹಳ್ಳಿಗಳ ಹುಟ್ಟುವಳಿಯನ್ನು ‘ವೃತ್ತಿ’ಗಳೆಂಬ ಪಾಲುಗಳಾಗಿ ಬ್ರಾಹ್ಮಣ ಕುಟುಂಬಗಳಿಗೆ ಹಂಚಲಾಗುತ್ತಿತ್ತು, ಒಂದು ಪಾಲು ದೇವಸ್ಥಾನಕ್ಕೆ. ಇಂಥ ದಾನಶಾಸನಗಳಲ್ಲಿ ಕೊಟ್ಟವನ ಹೆಸರಿರುತ್ತೆ, ಪಡೆದವರ ಹೆಸರು, ಗೋತ್ರ ಇರುತ್ತೆ, ಗದ್ದೆಯ ಎಲ್ಲೆಯೂ ಇರುತ್ತೆ. ಆ ಗದ್ದೆ ಉತ್ತವರ ಹೆಸರು ಸಿಗೋದು ಅಪರೂಪ. ಬಿ.ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಶಾಸನ ಸಂಪುಟವನ್ನು (ಎಪಿಗ್ರಾಫಿಯಾ ಕರ್ನಾಟಿಕಾ, 12) ತಿರುವಿ ಹಾಕುವಾಗ ಈ ಮೌನವನ್ನೂ ಓದಬೇಕು.

ಇನಾಂ ಭೂಮಿಯ ಈ ದೀರ್ಘ ಚರಿತ್ರೆಗೆ ಕಾನೂನಿನ ತೆರೆ ಬಿದ್ದದ್ದು 1954 ಮತ್ತು 1955ರ ಮೈಸೂರು ಇನಾಂ ರದ್ದತಿ ಕಾಯ್ದೆಗಳಿಂದ. ಉಳುವವನಿಗೆ ಭೂಮಿ ಅನ್ನೋ ಮಾತಿಗೆ ಬಲ ಬಂದದ್ದು 1974ರ ಭೂಸುಧಾರಣೆಯಿಂದ. ದಂಡನಾಯಕನ ದಾನದಿಂದ ಅಲ್ಲಿಗೆ ಏಳುನೂರು ವರ್ಷ.

ಏನೇನು ನೋಡಬಹುದು?

1263ರ ಸುಮಾರಿನ ಚೆನ್ನಕೇಶವ ದೇವಾಲಯ ಬಳಪದ ಕಲ್ಲಿನದು, ಒಂದೇ ಗರ್ಭಗುಡಿ. ಹಳೇಬೀಡಿನ ಗೋಡೆಗಳನ್ನು ಎದುರು ನೋಡಬೇಡಿ, ಇದು ಸರಳ ಕಟ್ಟಡ. ಅದೇ ಶತಮಾನದ ಮೂಲೆ ಶಂಕರೇಶ್ವರ ಗುಡಿ ಹೆಸರಿಗೆ ತಕ್ಕಂತೆ ಊರಿನ ಮೂಲೆಯಲ್ಲಿದೆ. ಗಂಗಾಧರೇಶ್ವರ ಗುಡಿಯ ಕರಿಕಲ್ಲಿನ ನಂದಿಯ ಹೊಳಪು ನೋಡಿಯೇ ನಂಬಬೇಕು.

ಸಮಯವಿದ್ದರೆ ಕಿಬ್ಬನಹಳ್ಳಿ ಕ್ರಾಸ್ ಹತ್ತಿರದ ಅರಳಗುಪ್ಪೆಗೂ ಹೋಗಿ. ಅಲ್ಲಿನ ಕಲ್ಲೇಶ್ವರ ಗುಡಿ ಹೊಯ್ಸಳರಿಗಿಂತ ಹಳೆಯದು, 9ನೇ ಶತಮಾನದ್ದು. ತಲೆಯೆತ್ತಿ ನೋಡಿದರೆ ಚಾವಣಿಯಲ್ಲಿ ಅಷ್ಟದಿಕ್ಪಾಲಕರ ನಡುವೆ ಕುಣಿಯುವ ಶಿವ. ನೊಣವಿನಕೆರೆ ಕಡೆಯ ವಿಘ್ನಸಂತೆಯಲ್ಲಿ 1286ರ ಲಕ್ಷ್ಮೀನರಸಿಂಹ ದೇವಾಲಯವಿದೆ.

ನಾನು ಹೋದ ಹೊತ್ತಿಗೆ ಒಂದು ಗುಡಿಗೆ ಬೀಗ. ಪಕ್ಕದ ಜಗಲಿಯಲ್ಲಿ ಕೂತಿದ್ದ ಅಜ್ಜಿ, "ಬೀಗದ ಕೈಯೋರು ಬತ್ತಾರೆ, ಅಷ್ಟ್ರಲ್ಲಿ ಕೆರೆ ನೋಡ್ಕಂಡ್ ಬಾರಪ್ಪ" ಅಂದರು.

"ಕೆರೇಲಿ ಏನೈತೆ ಅಜ್ಜಿ?"

"ನೀರಿದ್ರೆ ಊರೈತೆ. ಇನ್ನೇನಿರ್ಬೇಕು?"

ಕಲ್ಲಿಗೆ ನೂರು ಮೀಟರ್, ನೀರಿಗೆ?

ಕೆರೆ ಏರಿಯ ಮೇಲೆ ನಿಂತಾಗ ಅಜ್ಜಿಯ ಮಾತು ಅರ್ಥವಾಯ್ತು. ಈ ಸೀಮೆಯಲ್ಲಿ ಮಳೆ ಕಡಿಮೆ. ಕೆರೆ ಇಲ್ಲದೆ ಗದ್ದೆ ಇಲ್ಲ, ಗದ್ದೆ ಇಲ್ಲದೆ ವೃತ್ತಿ ಇಲ್ಲ, ವೃತ್ತಿ ಇಲ್ಲದೆ ಅಗ್ರಹಾರವೂ ಗುಡಿಯೂ ಇಲ್ಲ. ಅದಕ್ಕೇ ಹಳೆಯ ಕಾಲದಲ್ಲಿ ಕೆರೆ ಕಟ್ಟಿದವರಿಗೆ, ಕಾಪಾಡಿದವರಿಗೆ ಕಟ್ಟುಗೊಡಗೆ ಎಂದು ಭೂಮಿ ಬಿಡುತ್ತಿದ್ದರು. ತೂಬು ಎತ್ತಿ ನೀರು ಹಂಚಲು ನೀರುಗಂಟಿ ಇರುತ್ತಿದ್ದ.

ಇವತ್ತು ಕಾನೂನು ಹೇಗೆ ನೋಡುತ್ತೆ? ಕೇಂದ್ರ ಸಂರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರ್‌ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್‌ ನಿಯಂತ್ರಿತ ಪ್ರದೇಶ. 2010ರ ತಿದ್ದುಪಡಿ ಇದನ್ನು ಬಿಗಿ ಮಾಡಿತು. ಕೆರೆಗೆ? 2014ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಕೊಟ್ಟದ್ದು 30 ಮೀಟರ್‌. ಸಣ್ಣ ಕೆರೆಗಳಿಗೆ ಅದನ್ನೂ ಇಳಿಸುವ ತಿದ್ದುಪಡಿ ಮಸೂದೆಗೆ 2025ರಲ್ಲಿ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಒಂದೇ ಊರಿನ ಒಂದೇ ಚರಿತ್ರೆಯ ಎರಡು ತುಂಡು. ಒಂದನ್ನು ಪರಂಪರೆ ಅಂತೀವಿ, ಇನ್ನೊಂದನ್ನು ಖಾಲಿ ಜಾಗ ಅಂತ ಅಳೀತೀವಿ.

ತಾಲ್ಲೂಕಿನ ಕೆರೆಗಳು ಈಗ ಗೊರೂರಿನಿಂದ ಬರುವ ಹೇಮಾವತಿ ನಾಲೆಯ ದಾರಿ ಕಾಯುತ್ತವೆ. ಕುಣಿಗಲ್, ಮಾಗಡಿ ಕಡೆಗೆ ನೀರು ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಯೋಜನೆಗೆ ಇಲ್ಲಿನ ರೈತರು ಯಾಕೆ ಬೀದಿಗಿಳಿದರು ಅನ್ನೋದು ಏರಿಯ ಮೇಲೆ ನಿಂತರೆ ಬೇಗ ತಿಳಿಯುತ್ತೆ. ಮಾಗಡಿಯವರಿಗೂ ನೀರು ಬೇಕು, ನಿಜ. ನೀರು ಹಂಚುವವರು ಯಾರು, ಯಾರನ್ನು ಕೇಳಿ ಹಂಚುತ್ತಾರೆ ಅನ್ನೋದೇ ಪ್ರಶ್ನೆ. ಅದು 13ನೇ ಶತಮಾನದಲ್ಲೂ ಇದ್ದ ಪ್ರಶ್ನೆಯೇ.

ಹೋಗುವುದು ಹೇಗೆ?

ಬೆಂಗಳೂರಿನಿಂದ ತಿಪಟೂರು ಬಸ್ಸಿನಲ್ಲಿ ಬಂದು ಕಿಬ್ಬನಹಳ್ಳಿ ಕ್ರಾಸ್‌ನಲ್ಲಿ ಇಳಿದು ತುರುವೇಕೆರೆ ಬಸ್ ಹತ್ತಿ. ರೈಲಾದರೆ ಬಾಣಸಂದ್ರದಲ್ಲಿ ಇಳಿಯಿರಿ. ಪೂಜೆ ಮುಗಿದ ಮೇಲೆ ಗುಡಿಗಳಿಗೆ ಬೀಗ ಬೀಳಬಹುದು, ಬೆಳಿಗ್ಗೆಯೇ ಹೋಗಿ. ಬೀಗ ಇದ್ದರೂ ಬೇಸರ ಬೇಡ. ಕೆರೆ ಏರಿಗೆ ಬೀಗ ಇಲ್ಲ.