ಮೂತ್ರದ ಅವಸರಕ್ಕೆ ಯಾವ ಅಳತೆಗೋಲು?

ಅತಿಕ್ರಿಯಾಶೀಲ ಮೂತ್ರಕೋಶದ ಚಿಕಿತ್ಸೆಯ ಚರಿತ್ರೆಯನ್ನು ಔಷಧಗಳ ವಂಶಾವಳಿಯಾಗಿ ಹೇಳುವುದು ರೂಢಿ: ಅಮೆರಿಕದಲ್ಲಿ 1975ರಲ್ಲಿ ಅನುಮತಿ ಪಡೆದ ಆಕ್ಸಿಬ್ಯುಟಿನಿನ್, 1998ರಲ್ಲಿ ಟಾಲ್ಟೆರೊಡಿನ್, 2012ರಲ್ಲಿ ಬೇರೆಯೇ ದಾರಿಯಿಂದ ಸ್ನಾಯು ಸಡಿಲಿಸುವ ಮಿರಾಬೆಗ್ರಾನ್. ಆದರೆ ಈ ಕ್ಷೇತ್ರವನ್ನು ಮುಂದಕ್ಕೆ ಒಯ್ದದ್ದು ಮಾತ್ರೆಗಳಿಗಿಂತ ಹೆಚ್ಚಾಗಿ ಅಳತೆಗೋಲು. ಹಿಂದೆ ಮೂತ್ರಕೋಶಕ್ಕೆ ಸಪೂರ ನಳಿಗೆ ಇಳಿಸಿ, ನೀರು ತುಂಬಿಸುತ್ತ, ಸ್ನಾಯು ತಾನಾಗಿ ಹಿಂಡಿಕೊಳ್ಳುತ್ತದೆಯೇ ಎಂದು ಒತ್ತಡದ ಗ್ರಾಫಿನಲ್ಲಿ ಹುಡುಕುತ್ತಿದ್ದರು. ಗೆರೆ ಏರಿದರೆ ಕಾಯಿಲೆ; ಏರದಿದ್ದರೆ ದಿನಕ್ಕೆ ಹದಿನೈದು ಸಲ ಶೌಚಾಲಯಕ್ಕೆ ಓಡುವವರ ಮಾತಿಗೂ ಪುರಾವೆಯಿಲ್ಲ. ಅವಸರವಿರುವ ಎಷ್ಟೋ ಜನರಲ್ಲಿ ಆ ಗೆರೆ ಏರುವುದೇ ಇಲ್ಲ. 2002ರಲ್ಲಿ ಇಂಟರ್‌ನ್ಯಾಷನಲ್ ಕಾಂಟಿನೆನ್ಸ್ ಸೊಸೈಟಿ ಅವಸರವನ್ನೇ ಮುಖ್ಯ ಲಕ್ಷಣವಾಗಿಟ್ಟು ವ್ಯಾಖ್ಯೆ ಬರೆದಾಗ ರೋಗಿಯ ಮಾತೇ ಸಾಕ್ಷ್ಯವಾಯಿತು.

ಇದು ಔಷಧ ಕಂಪನಿಗಳಿಗೆ ಮಾರುಕಟ್ಟೆ ಹಿಗ್ಗಿಸಿಕೊಟ್ಟ ವ್ಯಾಖ್ಯೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಗ್ರಾಫು ಬೇಡವೆಂದಾದ ಮೇಲೆ ಚೀಟಿ ಬರೆಯುವುದು ಸಲೀಸಾಯಿತು. ಆದರೆ ಅದೇ ವ್ಯಾಖ್ಯೆ ಆ ಕಂಪನಿಗಳಿಗೆ ತಿರುಗುಬಾಣವೂ ಆಯಿತು. ದೂರಿನಿಂದಲೇ ಗುರುತಿಸುವ ಕಾಯಿಲೆಯ ಮದ್ದನ್ನು ದೂರು ಹೇಳಿದವರ ಬದುಕಿನಿಂದಲೇ ಅಳೆಯಬೇಕಲ್ಲ! ವ್ಯಾಖ್ಯೆಗೂ ಮೊದಲೇ, 1997ರ ಕಿಂಗ್ಸ್ ಹೆಲ್ತ್ ಪ್ರಶ್ನಾವಳಿಯಂಥವು ನಿದ್ದೆ, ಪ್ರಯಾಣ, ದಾಂಪತ್ಯಗಳ ಬಗ್ಗೆ ಕೇಳತೊಡಗಿದ್ದವು. ಹಳೆಯ ಮಾತ್ರೆಗಳ ಲಾಭ ಸಾಧಾರಣವೆಂದು, ಅದರಲ್ಲಿ ಗಣನೀಯ ಪಾಲನ್ನು ಹುಸಿಮಾತ್ರೆಯೂ ಕೊಡುತ್ತದೆಂದು ಗೊತ್ತಾಯಿತು. ಬಾಯಿ ಒಣಗಿ, ಮಲಬದ್ಧತೆಯಾಗಿ, ಬಹುಪಾಲು ಜನ ವರ್ಷದೊಳಗೆ ಅವನ್ನು ಬಿಟ್ಟೇ ಬಿಡುತ್ತಾರೆ. 1998ರಲ್ಲಿ ಕ್ಯಾಥರಿನ್ ಬರ್ಜಿಯೊ ಮತ್ತು ಸಂಗಡಿಗರು 197 ಹಿರಿಯ ಮಹಿಳೆಯರ ಅಧ್ಯಯನ ಪ್ರಕಟಿಸಿದರು. ಹುಸಿಮಾತ್ರೆಯಿಂದ ಸೋರಿಕೆ ಸುಮಾರು ಶೇ 39ರಷ್ಟು, ಆಕ್ಸಿಬ್ಯುಟಿನಿನ್‌ನಿಂದ ಶೇ 69ರಷ್ಟು, ಬರೀ ಅಭ್ಯಾಸದಿಂದ ಶೇ 81ರಷ್ಟು ತಗ್ಗಿತ್ತು. ಅಭ್ಯಾಸವೆಂದರೆ, ಅವಸರ ಬಂದಾಗ ಓಡದೆ ನಿಂತಲ್ಲೇ ನಿಂತು, ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಕೆಲವು ಸಲ ಬಿಗಿಹಿಡಿದು, ಒತ್ತಡ ಇಳಿದ ಮೇಲೆ ನಿಧಾನವಾಗಿ ನಡೆದು ಹೋಗುವುದು. ಮನೆಬಾಗಿಲಿಗೆ ಕೀಲಿ ಹಾಕುವಷ್ಟರಲ್ಲಿ ಬಟ್ಟೆ ಒದ್ದೆಯಾಗುವವರಿಗೆ ಇದು ತಮಾಷೆಯಂತೆ ಕೇಳಿಸೀತು, ಅಂಕಿಗಳು ಹಾಗೆನ್ನುವುದಿಲ್ಲ.

ಪ್ರಶ್ನಾವಳಿಗೆ ಕೊಡುವ ಉತ್ತರ ಅವರವರ ಮನಸ್ಸಿನ ಮಾತು, ಅದು ವಿಜ್ಞಾನ ಹೇಗಾದೀತು ಎನ್ನುವವರಿದ್ದಾರೆ. ಆದರೆ ಎಷ್ಟು ಸಲ ಹೋದರು, ಎಷ್ಟು ಸಲ ಸೋರಿತು ಎಂಬ ಎಣಿಕೆಯೂ ಅಷ್ಟೇನೂ ಮುಗ್ಧವಲ್ಲ. ನೀರು ಕುಡಿಯುವುದನ್ನೇ ಕಡಿಮೆ ಮಾಡಿ, ಮದುವೆ-ಮುಂಜಿಗೆ ಹೋಗುವುದನ್ನೇ ನಿಲ್ಲಿಸಿದವರ ಲೆಕ್ಕ ಇಳಿದಿರುತ್ತದೆ. ಎಣಿಕೆಯ ಪ್ರಕಾರ ಅವರು ಗುಣವಾದವರು! ಹಾಗಾಗಿ ಮೂರು ದಿನದ ಮೂತ್ರದ ಡೈರಿಯನ್ನೂ (ಎಷ್ಟು ಹೊತ್ತಿಗೆ, ಎಷ್ಟು ಮಿಲಿಲೀಟರ್, ಕುಡಿದದ್ದೆಷ್ಟು, ಸೋರಿತೇ) ಪ್ರಶ್ನಾವಳಿಯನ್ನೂ ಪಕ್ಕಪಕ್ಕ ಇಟ್ಟು ಓದಬೇಕು.

ಮುಂದಿನ ಚಿಕಿತ್ಸೆಗಳಿಗೆ ಈ ಜೋಡಿ ಓದು ಇನ್ನೂ ಅಗತ್ಯ. 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಬೊಟಾಕ್ಸ್ ಚಿಕಿತ್ಸೆಯಲ್ಲಿ 100 ಯೂನಿಟ್ ಔಷಧವನ್ನು ಮೂತ್ರಕೋಶದ ಗೋಡೆಗೆ 20 ಕಡೆ ಚುಚ್ಚುತ್ತಾರೆ. ತಿಂಗಳುಗಟ್ಟಲೆ ಆರಾಮ, ಕೆಲವರಿಗೆ ಮಾತ್ರ ಮೂತ್ರ ಕಟ್ಟಿ, ತಾವೇ ನಳಿಗೆ ಹಾಕಿಕೊಳ್ಳಬೇಕಾಗುತ್ತದೆ. ಬೆನ್ನಿನ ಕೆಳಭಾಗದ ನರಕ್ಕೆ ಮಿಡಿತ ಕೊಡುವ ಸಾಧನದೊಂದಿಗೆ 2016ರಲ್ಲಿ ಹೋಲಿಸಿದಾಗ ಬೊಟಾಕ್ಸ್ ಸೋರಿಕೆ ತಗ್ಗಿಸುವುದರಲ್ಲಿ ಕೂದಲೆಳೆ ಮುಂದಿತ್ತು, ಮೂತ್ರದ ಸೋಂಕಿನಲ್ಲಿ ಬಹಳ ಮುಂದಿತ್ತು. ಯಾವುದು ಮೇಲು ಎಂಬುದನ್ನು ಅದರೊಂದಿಗೆ ಬಾಳಬೇಕಾದವರೇ ಹೇಳಬೇಕು. ಮೊದಲು ಅಭ್ಯಾಸ, ಆಮೇಲೆ ಮಾತ್ರೆ, ಕೊನೆಗೆ ಸೂಜಿ ಎಂಬ ಮೆಟ್ಟಿಲುಗಳನ್ನು ಅಮೆರಿಕದ ಯುರಾಲಜಿ ಸಂಘ 2024ರ ಮಾರ್ಗಸೂಚಿಯಲ್ಲಿ ಕೈಬಿಟ್ಟು, ಆಯ್ಕೆಯನ್ನು ರೋಗಿ-ವೈದ್ಯರ ಮಾತುಕತೆಗೆ ಒಪ್ಪಿಸಿತು. ಹಳೆಯ ಮಾತ್ರೆಗಳಿಗೂ ಮರೆಗುಳಿತನಕ್ಕೂ ನಂಟು ಕಂಡಿರುವುದರಿಂದ ಹಿರಿಯರ ಮಟ್ಟಿಗೆ ಆ ಮಾತುಕತೆ ಬರೀ ಔಪಚಾರಿಕವಲ್ಲ. ನಮ್ಮಲ್ಲಿ ಮೆಟ್ಟಿಲುಗಳನ್ನು ಉಳಿಸಿರುವುದು ಜೇಬು ಮತ್ತು ಊರು: ಮಾತ್ರೆ ಮೆಡಿಕಲ್ ಶಾಪಿನಲ್ಲಿ ಸಿಕ್ಕೀತು, ಸ್ನಾಯು ಬಿಗಿಯುವುದನ್ನು ಕೂತು ಕಲಿಸುವ ಫಿಸಿಯೊಥೆರಪಿಸ್ಟ್ ಸಿಗುವುದು ಅಪರೂಪ.