ಬೀಡಿ ಕಾರ್ಮಿಕರ ಕೈನೋವು ಮತ್ತು ಪರಿಹಾರ

ಬೀಡಿ ಕಾರ್ಮಿಕರ ಕೈನೋವು ಎಂಬುದು ಒಂದೇ ಬಗೆಯ ಚಲನೆಯನ್ನು ದೀರ್ಘಕಾಲ ಮಾಡುವುದರಿಂದ ಬೆರಳು, ಮಣಿಕಟ್ಟು ಮತ್ತು ಭುಜಗಳ ಸ್ನಾಯು ಹಾಗೂ ನರಗಳಿಗೆ ಆಗುವ ಹಾನಿ. ಬೆಳಗಾವಿ ಜಿಲ್ಲೆಯಲ್ಲಿ ಅಕ್ಕೋಳ ಗ್ರಾಮವಿರುವ ನಿಪ್ಪಾಣಿ ಪ್ರದೇಶವು ತಂಬಾಕು ಮತ್ತು ಬೀಡಿ ಉದ್ಯಮಕ್ಕೆ ಹೆಸರಾಗಿದೆ.

ಕಾರಣ

ಎಲೆ ಕತ್ತರಿಸುವುದು, ತಂಬಾಕು ತುಂಬಿ ಸುತ್ತುವುದು, ತುದಿ ಮಡಚುವುದು, ದಾರ ಕಟ್ಟುವುದು ಇವೆಲ್ಲವೂ ಕೈಕೆಲಸ. ಕೂಲಿಯನ್ನು 1000 ಬೀಡಿಗೆ ಇಂತಿಷ್ಟು ಎಂದು ಲೆಕ್ಕ ಹಾಕುವುದರಿಂದ ಕೈಗೆ ವಿರಾಮ ಕೊಟ್ಟಷ್ಟೂ ಆದಾಯ ಕುಗ್ಗುತ್ತದೆ.

ಕಾನೂನು

ನೌಕರರ ಪರಿಹಾರ ಕಾಯ್ದೆ, 1923 ತನ್ನ 3ನೇ ಅನುಸೂಚಿಯ ಔದ್ಯೋಗಿಕ ರೋಗಗಳನ್ನು ಅಪಘಾತದ ಗಾಯವೆಂದೇ ಪರಿಗಣಿಸಿತು. ಪಟ್ಟಿಯಲ್ಲಿಲ್ಲದ ಕಾಯಿಲೆಯಾದರೆ ಅದು ಕೆಲಸದಲ್ಲಿ ಸಂಭವಿಸಿದ ನಿರ್ದಿಷ್ಟ ಅಪಘಾತದ ನೇರ ಫಲವೆಂದು ತೋರಿಸಬೇಕು. ವರ್ಷಗಳಲ್ಲಿ ನಿಧಾನವಾಗಿ ಬೆಳೆಯುವ ಕೈನೋವಿಗೆ ಇದೇ ಮುಖ್ಯ ತೊಡಕು. ಈ ಕಾಯ್ದೆ ಸೇರಿದಂತೆ 9 ಕಾನೂನುಗಳನ್ನು ಒಗ್ಗೂಡಿಸಿದ ಸಾಮಾಜಿಕ ಭದ್ರತಾ ಸಂಹಿತೆ, 2020ರಲ್ಲಿಯೂ ಇದೇ ತತ್ತ್ವ ಉಳಿದಿದೆ.

ಪುರಾವೆ

ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ, 1966 ಮನೆಯಲ್ಲಿ ಬೀಡಿ ಸುತ್ತುವವರನ್ನೂ ನೌಕರರೆಂದು ಪರಿಗಣಿಸಿತು. ಗುತ್ತಿಗೆದಾರರ ಮೂಲಕ ದುಡಿಯುವ ಇವರಿಗೆ ಮಾಲೀಕ ಯಾರೆಂದು ಸಾಬೀತುಪಡಿಸುವುದೇ ಕಷ್ಟ. ಆದ್ದರಿಂದ ಗುರುತಿನ ಚೀಟಿ, ಕೂಲಿಯ ಲೆಕ್ಕದ ಪುಸ್ತಕ ಹಾಗೂ ನೋವು ಆರಂಭವಾದಾಗಿನಿಂದಿನ ವೈದ್ಯಕೀಯ ದಾಖಲೆಗಳು ಅರ್ಜಿದಾರರಿಗೆ ಮಹತ್ವದ್ದಾಗಿವೆ.