ಬಿದ್ದ ಮೇಲೆ ಬರುವ ದುಡ್ಡು: ಅಣ್ಣಿಗೇರಿಯ ಕಲ್ಲು, ಮಣ್ಣು ಮತ್ತು ದುರಸ್ತಿಯ ಕತೆ

ಇವತ್ತು ಧಾರವಾಡ ಜಿಲ್ಲೆಯ ಅಣ್ಣಿಗೇರಿಯಿಂದ ಶುರು ಮಾಡಿ, ಕುಂದಗೋಳ, ನವಲಗುಂದಕ್ಕೂ ಹೋಗಿ ಬರೋಣ. ಮಾತು ಕಟ್ಟಡಗಳದ್ದು. ಗುಡಿ ಕಟ್ಟಿಸಿದವರು, ಕೋಟೆ ಕಟ್ಟಿಸಿದವರು ಯಾರು ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೀವಿ. ಕಟ್ಟಿದ್ದನ್ನು ಆಮೇಲೆ ಯಾರು ಕಾಯ್ದರು, ಯಾವ ದುಡ್ಡಿನಿಂದ ಕಾಯ್ದರು ಅನ್ನೋದನ್ನ ಮಾತ್ರ ಯಾರೂ ನಮಗೆ ಕೇಳಲಿಲ್ಲ. ಇವತ್ತು ಆ ಪ್ರಶ್ನೆ ಹಿಡಿದು ಹೋಗೋಣ.

ಅಣ್ಣಿಗೇರಿ ಅಂದಕೂಡಲೆ ಆದಿಕವಿ ಪಂಪನ ಹೆಸರು ಬರುತ್ತದೆ. ಅದಕ್ಕೆ ಆಧಾರ ಸಿಕ್ಕಿದ್ದು ದೂರದ ತೆಲಂಗಾಣದಲ್ಲಿ. ಪಂಪನ ತಮ್ಮ ಜಿನವಲ್ಲಭ ಗಂಗಾಧರಂ ಅನ್ನೋ ಊರಿನ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ, ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಅಂತ ಇದೆ. ಹತ್ತನೇ ಶತಮಾನದಲ್ಲೇ ಹೆಸರು ಹೇಳಿದರೆ ಗುರುತು ಸಿಗುವಂಥ ಊರು ಇದು. ಮುಂದೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬೆಳ್ವೊಲ ಮುನ್ನೂರು ಅನ್ನೋ ನಾಡಿಗೆ ಇದು ರಾಜಧಾನಿ. ಚಾಲುಕ್ಯರ ಕೊನೆಯ ದೊರೆ ನಾಲ್ಕನೇ ಸೋಮೇಶ್ವರ ಕೂಡ ಕೆಲಕಾಲ ಇಲ್ಲಿಂದಲೇ ಆಳಿದ.

ಊರಿನ ಅಮೃತೇಶ್ವರ ಗುಡಿ ಸುಮಾರು 1050ರದ್ದು. ಒಳಗೆ 76 ಕಂಬಗಳಿವೆ. ಇವತ್ತು ನಾವು ಅದನ್ನ ಹಳೆಯದು ಅಂತ ನೋಡ್ತೀವಿ. ಕಟ್ಟಿದಾಗ ಅದು ಅತ್ಯಂತ ಹೊಸದು. ಅದಕ್ಕೂ ಮುಂಚೆ ಬಾದಾಮಿ, ಪಟ್ಟದಕಲ್ಲಿನ ಕಡೆಯ ಗುಡಿಗಳೆಲ್ಲ ಮರಳುಗಲ್ಲಿನವು. ಮರಳುಗಲ್ಲಿನಲ್ಲಿ ದೊಡ್ಡ ದೊಡ್ಡ ಬಂಡೆ ಸಿಗುತ್ತವೆ, ನಯವಾದ ಕೆತ್ತನೆಗೆ ಅದು ಅಷ್ಟು ಒಗ್ಗೋದಿಲ್ಲ. ಅಣ್ಣಿಗೇರಿಯಲ್ಲಿ ಬಳಪದ ಕಲ್ಲು ಬಂತು. ಗಣಿಯಿಂದ ತೆಗೆದಾಗ ಮೆತ್ತಗಿರುವ, ಉಳಿಗೆ ಸುಲಭವಾಗಿ ಬಗ್ಗುವ ಕಪ್ಪು ಕಲ್ಲು. ಚಾಲುಕ್ಯರ ಗುಡಿಗಳಲ್ಲಿ ಈ ಕಲ್ಲಿನಿಂದ ಕಟ್ಟಿದ ಮೊದಲನೆಯದು ಇದೇ ಅಂತ ಕಲಾ ಇತಿಹಾಸಕಾರರು ಗುರುತಿಸುತ್ತಾರೆ. 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ಗುಡಿ, ಶಾಸನದಲ್ಲಿ ‘ದೇವಾಲಯ ಚಕ್ರವರ್ತಿ’ ಅನಿಸಿಕೊಂಡ ಗುಡಿ, ಇದೇ ದಾರಿಯಲ್ಲಿ ಮುಂದೆ ಹೋಗಿದ್ದು. ಅಂದರೆ ಅಣ್ಣಿಗೇರಿಗೆ ಹೊಸತನ ಹೊಸದೇನಲ್ಲ. ಸಾವಿರ ವರ್ಷದ ಹಿಂದೆ ಹೊಸ ಸಾಮಾನು, ಹೊಸ ತಂತ್ರ ಮೊದಲು ಒಪ್ಪಿಕೊಂಡ ಊರು ಅದು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಇದೇ ಊರಿನ ಇನ್ನೊಂದು ಕಟ್ಟಡ ಸುಟ್ಟುಹೋಯಿತು. ಗಂಗರ ಬೂತುಗ ಪೆರ್ಮಾಡಿ ಕಟ್ಟಿಸಿದ್ದ ಜೈನ ಬಸದಿ ಅದು. ಚೋಳರ ಸೈನ್ಯ ಬೆಳ್ವೊಲದೊಳಗೆ ನುಗ್ಗಿ ಬಸದಿಗಳಿಗೆ ಬೆಂಕಿ ಇಟ್ಟಿತು, ಆ ಚೋಳ ದೊರೆ ಆಮೇಲೆ ಚಾಲುಕ್ಯ ಸೋಮೇಶ್ವರನ ಎದುರು ಯುದ್ಧದಲ್ಲಿ ತಲೆ ಒಪ್ಪಿಸಿದ ಅಂತ ಅಣ್ಣಿಗೇರಿ ಮತ್ತು ಗಾವರವಾಡದ ಶಾಸನಗಳು ಹೇಳುತ್ತವೆ. ಕೊಪ್ಪಂ ಕಾಳಗದಲ್ಲಿ ಸತ್ತ ರಾಜಾಧಿರಾಜ ಚೋಳನೇ ಇವನು ಅಂತ ಇತಿಹಾಸಕಾರರ ಮಾತು.

ಈ ಕತೆ ಹೇಳುವಾಗ ನಾವು ಸಾಮಾನ್ಯವಾಗಿ ಬೆಂಕಿಯ ಹತ್ತಿರವೇ ನಿಂತುಬಿಡ್ತೀವಿ. ಯಾರು ಸುಟ್ಟರು, ಯಾರು ಸೇಡು ತೀರಿಸಿಕೊಂಡರು, ಇಷ್ಟೇ. ಆದರೆ ಶಾಸನ ಹಾಕಿಸಿದ್ದು 1071–72ರಲ್ಲಿ, ಬೆಂಕಿ ಬಿದ್ದು ಎರಡು ದಶಕ ಆಗುತ್ತ ಬಂದ ಮೇಲೆ. ಹಾಕಿಸಿದ ಕಾರಣ ಬೇರೆ ಇತ್ತು. ಎರಡನೇ ಸೋಮೇಶ್ವರನ ಆಳ್ವಿಕೆಯಲ್ಲಿ ಬೆಳ್ವೊಲ ನೋಡಿಕೊಳ್ಳುತ್ತಿದ್ದ ಲಕ್ಷ್ಮರಸ ಆ ಬಸದಿಯನ್ನು ಮತ್ತೆ ಎತ್ತಿ ನಿಲ್ಲಿಸಿದ, ತಪ್ಪಿಹೋಗಿದ್ದ ದತ್ತಿಯನ್ನೂ ಮತ್ತೆ ಊರ್ಜಿತ ಮಾಡಿದ. ಆ ಕಲ್ಲು ನಿಜವಾಗಿ ಒಂದು ದುರಸ್ತಿಯ ದಾಖಲೆ.

ಇಲ್ಲಿ ಒಂದು ಮಾತು ಗಮನಿಸಬೇಕು. ನಮ್ಮ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಪದಗುಚ್ಛ ಇದೆ: ‘ಖಂಡಸ್ಫುಟಿತ ಜೀರ್ಣೋದ್ಧಾರ’. ಮುರಿದದ್ದು, ಬಿರುಕು ಬಿಟ್ಟದ್ದು, ಹಳತಾದದ್ದು ಇವನ್ನೆಲ್ಲ ಸರಿಪಡಿಸೋದಕ್ಕೆ ಅಂತ ಅರ್ಥ. ಗುಡಿಗೆ ಹೊಲ ಬಿಡುವಾಗ ಪೂಜೆಗೆ, ನೈವೇದ್ಯಕ್ಕೆ, ದೀಪದ ಎಣ್ಣೆಗೆ ಅಂತ ಹೇಳುವ ಜೊತೆಗೇ ದುರಸ್ತಿಗೂ ಅಂತ ಬರೆಸುತ್ತಿದ್ದರು. ಕಟ್ಟಡ ಇನ್ನೂ ಹೊಸದಿದ್ದಾಗಲೇ, ಇದು ಒಂದಿನ ಬಿರುಕು ಬಿಡುತ್ತದೆ ಅಂತ ಒಪ್ಪಿಕೊಂಡು, ಅದಕ್ಕೆ ಪ್ರತಿವರ್ಷ ಉತ್ಪನ್ನ ಬರೋ ಹಾಗೆ ಜಮೀನು ಗೊತ್ತು ಮಾಡಿ ಇಡೋದು. ಇವತ್ತಿನ ಭಾಷೆಯಲ್ಲಿ ಹೇಳಬೇಕಂದ್ರ, ನಿರ್ವಹಣೆ ನಿಧಿ.

ಅದು ರಾಜರ, ಶ್ರೀಮಂತರ ವ್ಯವಸ್ಥೆ. ಸಾಮಾನ್ಯರ ಮನೆಗೆ ಯಾರೂ ದತ್ತಿ ಬಿಡಲಿಲ್ಲ. ಆದರೆ ಸಾಮಾನ್ಯರ ಮನೆಗೂ ತನ್ನದೇ ಒಂದು ದುರಸ್ತಿಯ ಪದ್ಧತಿ ಇತ್ತು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆ ಸೀಮೆಯ ಹಳೇ ಮನೆ ನೆನಪು ಮಾಡಿಕೊಳ್ಳಿ. ದಪ್ಪ ಮಣ್ಣಿನ ಗೋಡೆ, ಒಳಗೆ ಕಟ್ಟಿಗೆಯ ಕಂಬ, ಕಂಬದ ಮೇಲೆ ತೊಲಿ, ತೊಲಿಯ ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಮಾಳಗಿ. ಮಾಳಗಿಯಲ್ಲೊಂದು ಬೆಳಕಿಂಡಿ. ಕಾಳು ಇಡೋದಕ್ಕೆ ನೆಲದೊಳಗೆ ಹಗೇವು. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಆದರೆ ಈ ಮನೆ ಒಂದು ವರ್ಷ ಬಿಟ್ಟರೂ ಕೆಡುತ್ತದೆ. ಮಳೆಗಾಲಕ್ಕೆ ಮುಂಚೆ ಮಾಳಗಿಗೆ ಹೊಸ ಮಣ್ಣು ಏರಿಸಬೇಕು, ತುಳಿದು ಗಟ್ಟಿ ಮಾಡಬೇಕು, ಗೋಡೆಗೆ ಮೆತ್ತಬೇಕು. ದೊಡ್ಡ ಕುಟುಂಬ ಇತ್ತು, ಆಳುಕಾಳು ಇದ್ದರು, ನಡೆಯಿತು. ಕುಟುಂಬ ಒಡೆದು, ಮಕ್ಕಳು ಹುಬ್ಬಳ್ಳಿ, ಬೆಂಗಳೂರು ಸೇರಿದ ಮೇಲೆ ಮಾಳಗಿ ಹತ್ತುವವರು ಯಾರು?

2019ರ ಆಗಸ್ಟ್‌ನಲ್ಲಿ ಈ ಪ್ರಶ್ನೆಗೆ ಮಳೆಯೇ ಉತ್ತರ ಕೊಟ್ಟಿತು. ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿದವು. ದಿನಗಟ್ಟಲೆ ಹಿಡಿದ ಮಳೆಗೆ ಜಿಲ್ಲೆಯ ಹಳ್ಳಿಹಳ್ಳಿಗಳಲ್ಲಿ ಮಣ್ಣಿನ ಗೋಡೆಗಳು ನೆನೆದು ಕುಸಿದವು. ಸರಕಾರ ಪರಿಹಾರ ಘೋಷಿಸಿತು: ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಅಲ್ಪಸ್ವಲ್ಪ ಹಾನಿಯಾದ ಮನೆಗೆ 50 ಸಾವಿರ. ಬಿದ್ದವರಿಗೆ ಆ ದುಡ್ಡು ಬೇಕೇ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕವನ್ನು ಒಮ್ಮೆ ತಿರುಗಿಸಿ ನೋಡಿ. ಮನೆ ಎಷ್ಟು ಹೆಚ್ಚು ಬಿದ್ದಿತೋ ಅಷ್ಟು ಹೆಚ್ಚು ದುಡ್ಡು. ಬೀಳದ ಹಾಗೆ ವರ್ಷವರ್ಷ ಕೈಯಿಂದ ಖರ್ಚು ಮಾಡಿ ನಿಲ್ಲಿಸಿಕೊಂಡವನಿಗೆ ಏನೂ ಇಲ್ಲ. ಗಟ್ಟಿ ತೊಲಿ, ಕಂಬ ಇರೋ ಮನೆ, ಒಂದು ಗೋಡೆ ಮಾತ್ರ ಕುಸಿದಿದೆ ಅಂದರೆ, ಅದನ್ನ ಎತ್ತಿ ಕಟ್ಟೋದಕ್ಕಿಂತ ಪೂರ್ತಿ ಕೆಡವಿ ಹೊಸದು ಕಟ್ಟೋದೇ ಲಾಭ ಅನ್ನೋ ಹಾಗಾಯಿತು.

ಈಗ ಇದರ ಪಕ್ಕದಲ್ಲಿ ಇನ್ನೊಂದು ಕಾನೂನು ಇಟ್ಟು ನೋಡೋಣ. ಅಮೃತೇಶ್ವರ ಗುಡಿ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಕುಂದಗೋಳದ ಶಂಭುಲಿಂಗ ಗುಡಿಯೂ ಹಾಗೇ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ವಲಯದಲ್ಲಿ ಹೊಸ ಕಟ್ಟಡ ಇಲ್ಲ. ಅಲ್ಲಿ ಮೊದಲಿನಿಂದ ಇರೋ ಮನೆಯನ್ನ ಅನುಮತಿ ತಗೊಂಡು ದುರಸ್ತಿ ಮಾಡಬಹುದು, ನವೀಕರಿಸಬಹುದು. ಕೆಡವಿ ಮತ್ತೆ ಕಟ್ಟೋ ಹಾಗಿಲ್ಲ.

ಹಳೇ ಊರು ಬೆಳೆದದ್ದು ಗುಡಿಯ ಸುತ್ತ. ಹಾಗಾಗಿ 100 ಮೀಟರ್ ಅಂದರೆ ಖಾಲಿ ಬಯಲಲ್ಲ. ಓಣಿ, ಮನೆ, ಅಂಗಡಿ, ಕಟ್ಟೆ ಎಲ್ಲ ಅದರೊಳಗೆ. ಅಲ್ಲಿನ ಮಣ್ಣಿನ ಮನೆ ಪೂರ್ತಿ ಬಿದ್ದರೆ ಯಜಮಾನನ ಗತಿ ಏನು? ಪರಿಹಾರದ ಲೆಕ್ಕ ಹೊಸದು ಕಟ್ಟು ಅನ್ನುತ್ತದೆ. ಸ್ಮಾರಕದ ಕಾನೂನು ಹೊಸದು ಕಟ್ಟಬೇಡ, ದುರಸ್ತಿ ಮಾಡು ಅನ್ನುತ್ತದೆ. ದುರಸ್ತಿಗೆ ದುಡ್ಡು ಬೇಕಲ್ಲ, ಅದನ್ನ ಎರಡೂ ಕಡೆ ಕೇಳುವಂತಿಲ್ಲ. ಜನರಿಗೆ ಗುಡಿಯ ಮೇಲೆ ಭಕ್ತಿ ಇದ್ದರೂ ಸ್ಮಾರಕ ಅನ್ನೋ ಮಾತಿನ ಮೇಲೆ ಸಿಟ್ಟು ಬರೋದು ಇಲ್ಲೇ.

ಹಂಪಿಯಲ್ಲಿ ಇದರ ಇನ್ನೊಂದು ತುದಿ ನೋಡಿದ್ದೀವಿ. 2011ರ ಜುಲೈನಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ಬಜಾರದ ಮನೆ, ಅಂಗಡಿಗಳನ್ನ ತೆರವು ಮಾಡಿದರು. ಹಳೇ ಮಂಟಪಗಳು ಕಾಣುವಂತಾದವು, ಅದು ನಿಜ. ಅವುಗಳ ನೆರಳಿನಲ್ಲಿ ಬದುಕುತ್ತಿದ್ದ ಬೀದಿ ಹೋಯಿತು, ಅದೂ ನಿಜ. ಅಣ್ಣಿಗೇರಿಯಂಥ ಊರಿಗೆ ಆ ದಾರಿ ಬೇಡ ಅಂತ ನನ್ನ ಅಭಿಪ್ರಾಯ.

ಹಾಗಾದರೆ ಬೇರೆ ದಾರಿ ಇದೆಯೇ? ಕುಂದಗೋಳಕ್ಕೆ ಬನ್ನಿ. ಸ್ವಾತಂತ್ರ್ಯಕ್ಕೆ ಮುಂಚೆ ಇದು ಜಮಖಂಡಿ ಸಂಸ್ಥಾನಕ್ಕೆ ಸೇರಿದ ಊರು. ಇಲ್ಲಿನ ನಾಡಗೀರ ವಾಡೆ ಗೊತ್ತಿಲ್ಲದ ಹಿಂದೂಸ್ತಾನಿ ಸಂಗೀತಪ್ರಿಯರು ಕಡಿಮೆ. ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಕಲಿಯಲಿಕ್ಕೆ ಭೀಮಸೇನ ಜೋಶಿ ಈ ಊರಿಗೆ ಬಂದರು, ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಓಡಾಡಿದರು. ಗುರುವಿನ ಪುಣ್ಯತಿಥಿಯ ಸಂಗೀತೋತ್ಸವ ಈ ವಾಡೆಯಲ್ಲೇ ನಡೆದುಕೊಂಡು ಬಂದಿದೆ. ವಾಡೆ ಉಳಿದದ್ದಕ್ಕೆ ಒಂದು ಕಾರಣ ಮನೆತನದ ಶ್ರದ್ಧೆ. ಇನ್ನೊಂದು ಕಾರಣ ಸರಳ: ಅದನ್ನ ಬಳಸುತ್ತಾರೆ. ವರ್ಷಕ್ಕೊಮ್ಮೆ ನೂರಾರು ಜನ ಬಂದು ಕೂಡುವ ಜಾಗ ಅಂದಮೇಲೆ ಸೋರೋ ಮಾಳಗಿ ನೋಡಿಕೊಳ್ಳಲೇಬೇಕು. ದತ್ತಿ ಮಾಡುತ್ತಿದ್ದ ಕೆಲಸವನ್ನ ಇಲ್ಲಿ ಸಂಗೀತ ಮಾಡಿದೆ.

ನವಲಗುಂದದ ಜಮಖಾನೆಯನ್ನೂ ಹೀಗೇ ನೋಡಬೇಕು. ಜಿಐ ಮಾನ್ಯತೆ ಪಡೆದ ಕಸುಬು. ನೇಯುವವರು ಹೆಣ್ಣುಮಕ್ಕಳು, ನೇಯೋದು ನಿಂತ ಮಗ್ಗದ ಮೇಲೆ, ಮಗ್ಗ ಇರೋದು ಮನೆಯೊಳಗೆ. ಜಮಖಾನೆಗೆ ಮಾನ್ಯತೆ ಸಿಕ್ಕಿತು. ಅದನ್ನ ನೇಯುವ ಮನೆಗೆ ಯಾವ ಮಾನ್ಯತೆಯೂ ಇಲ್ಲ. ಮಗ್ಗ ನಿಲ್ಲುವಷ್ಟು ಎತ್ತರ, ಅಗಲ, ಬೆಳಕು ಇಲ್ಲದ ಹೊಸ ಮನೆ ಕಟ್ಟಿಕೊಟ್ಟರೆ ಮನೆ ಸಿಗುತ್ತದೆ, ಕಸುಬು ಹೋಗುತ್ತದೆ.

‘ಮಣ್ಣಿನ ಮನೆ ಚೆಂದ ಅಂತ ಹೇಳೋದು ಸುಲಭ, ಇರೋರಿಗೆ ಗೊತ್ತು ಅದರ ಕಷ್ಟ’ ಅಂತ ಕೇಳುಗರು ಅನ್ನಬಹುದು. ಸರಿಯಾದ ಮಾತು. ರಾತ್ರಿ ಮಳೆ ಹಿಡಿದರೆ ಗೋಡೆ ಯಾವಾಗ ಮೈಮೇಲೆ ಬೀಳುತ್ತೋ ಅನ್ನೋ ಭಯದಲ್ಲಿ ಯಾರೂ ಮಲಗಬಾರದು. ಎಲ್ಲ ಹಳೇ ಮನೆ ಉಳಿಸಿ ಅಂತ ನಾನು ಹೇಳ್ತಾ ಇಲ್ಲ. ಆದರೆ ಎರೆ ಮಣ್ಣಿನ ಮೇಲೆ ಸಿಮೆಂಟಿನ ಮನೆಯೂ ಸುಖವಾಗಿರೋದಿಲ್ಲ. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವ ನೆಲ ಅದು. ಪಾಯ ಗಟ್ಟಿ ನೆಲ ಮುಟ್ಟದಿದ್ದರೆ ಕಾಂಕ್ರೀಟೂ ಬಿರುಕು ಬಿಡುತ್ತದೆ. ಅದಕ್ಕೂ ದುರಸ್ತಿ ಬೇಕೇ ಬೇಕು. ಯಾವ ಸಾಮಾನಿನಿಂದ ಕಟ್ಟಿದರೂ ಆ ಖರ್ಚು ತಪ್ಪಿದ್ದಲ್ಲ.

ಈ ಮಾತು ಈಗ ಯಾಕೆ ಮುಖ್ಯ ಅಂದರೆ, 2017ರ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲೂಕುಗಳಲ್ಲಿ ಅಣ್ಣಿಗೇರಿಯೂ ಒಂದು. ನವಲಗುಂದದಿಂದ ಬೇರೆಯಾಗಿ ತನ್ನ ಕಾಲ ಮೇಲೆ ನಿಂತ ಊರು. ಹುಬ್ಬಳ್ಳಿ–ಗದಗ ಹೆದ್ದಾರಿ ಇದೆ, ರೈಲಿದೆ. ತಾಲೂಕು ಅಂದಮೇಲೆ ಕಚೇರಿ, ರಸ್ತೆ, ಒಳಚರಂಡಿ, ಲೇಔಟು ಎಲ್ಲ ಬರಬೇಕು, ಬರಲಿ. ಆದರೆ ಇಲ್ಲಿನ ನೆಲದೊಳಗೂ ಊರಿದೆ. 2010ರಲ್ಲಿ ಚರಂಡಿ ಕೆಲಸಕ್ಕೆ ಅಗೆದಾಗ ಸಾಲುಸಾಲಾಗಿ ಜೋಡಿಸಿಟ್ಟ ನೂರಾರು ತಲೆಬುರುಡೆಗಳು ಸಿಕ್ಕಿದ್ದು ನಿಮಗೆ ನೆನಪಿರಬಹುದು. ಯುದ್ಧವೋ, ಡೋಗಿ ಬರ ಅಂತ ಜನ ಕರೆಯುವ ಕ್ಷಾಮವೋ ಅಂತ ದೊಡ್ಡ ಚರ್ಚೆಯಾಯಿತು, ವಯಸ್ಸಿನ ಪರೀಕ್ಷೆಗಳೂ ಒಂದಕ್ಕೊಂದು ತಾಳೆಯಾಗಲಿಲ್ಲ. ಯಾವ ಪಟ್ಟಿಯಲ್ಲೂ ಇಲ್ಲದ ಇತಿಹಾಸ ಅದು, ಸಿಕ್ಕಿದ್ದು ಆಕಸ್ಮಿಕವಾಗಿ.

ನನಗೆ ತೋಚೋದು ಮೂರು ಕೆಲಸ. ಮೊದಲನೆಯದು, ಹೊಸ ತಾಲೂಕಿನ ನಕಾಶೆ ಅಂತಿಮ ಆಗೋ ಮುಂಚೆ ಓಣಿ ಓಣಿ ತಿರುಗಿ ಗಟ್ಟಿ ಇರೋ ಹಳೇ ಮನೆ, ವಾಡೆ, ಬಾವಿ, ಬಿದ್ದ ಶಾಸನದ ಕಲ್ಲು ಎಲ್ಲ ಬರೆದಿಡೋದು. ಪಟ್ಟಿ ಮಾಡಿದ ಮಾತ್ರಕ್ಕೆ ನಿಷೇಧ ಹೇರಬೇಕಿಲ್ಲ, ಏನಿದೆ ಅಂತ ಗೊತ್ತಿದ್ದರೆ ಸಾಕು. ಎರಡನೆಯದು, 100 ಮೀಟರಿನೊಳಗೆ ಇರೋರಿಗೆ ಅನುಮತಿಯ ಜೊತೆ ದುರಸ್ತಿಯ ದುಡ್ಡೂ ಕೊಡೋದು. ಊರಿನ ಗುಡಿಗಾಗಿ ಅವರು ತಮ್ಮ ಹಕ್ಕು ಬಿಟ್ಟುಕೊಟ್ಟಿದ್ದಾರೆ, ಅದರ ಭಾರ ಎಲ್ಲರೂ ಹೊರಬೇಕು. ಮೂರನೆಯದು, ಮನೆ ಬೀಳುವ ಮುಂಚೆ, ಪ್ರತಿ ಮೇ ತಿಂಗಳಲ್ಲಿ, ಮಾಳಗಿ ಮತ್ತು ಗೋಡೆಗೆ ಅಂತ ಸಣ್ಣದೊಂದು ಮೊತ್ತ, ಮಣ್ಣಿನ ಕೆಲಸ ಗೊತ್ತಿರೋ ಮಿಸ್ತ್ರಿಗಳಿಗೆ ಸರಿಯಾದ ಕೂಲಿ.

ಇದು ಪರದೇಶದಿಂದ ತಂದ ಹೊಸ ವಿಚಾರ ಅಲ್ಲ. ಸುಟ್ಟುಹೋದ ಬಸದಿಯನ್ನ ಎತ್ತಿದ ಲಕ್ಷ್ಮರಸ ಗೋಡೆ ಕಟ್ಟಿಸಿ ಕೈತೊಳೆದುಕೊಳ್ಳಲಿಲ್ಲ, ತಪ್ಪಿಹೋಗಿದ್ದ ದತ್ತಿಯನ್ನೂ ಮತ್ತೆ ಊರ್ಜಿತ ಮಾಡಿ ಕಲ್ಲಿನ ಮೇಲೆ ಬರೆಸಿದ. ಅಣ್ಣಿಗೇರಿಯ ಹೊಸ ಕಚೇರಿಗಳಲ್ಲಿ ಬಜೆಟ್ ಬರೆಯುವವರು ಆ ಒಂದು ಬಾಬತ್ತನ್ನು ಮತ್ತೆ ಸೇರಿಸಿದರೆ ಸಾಕು.

ನಿಮ್ಮೂರಲ್ಲಿ ಇನ್ನೂ ಮಾಳಗಿಗೆ ಮಣ್ಣು ಹಾಕೋ ಮನೆ ಇದ್ದರೆ, ಆ ಕೆಲಸ ಯಾರು ಮಾಡ್ತಾರೆ, ಎಷ್ಟು ಖರ್ಚಾಗುತ್ತದೆ ಅಂತ ನಮಗೆ ಬರೆದು ತಿಳಿಸ್ರಿ.